ಹೈಪೋಥಾಲಮಸ್‌ಗೆ ಏಕಾದಶಿ ಗೊತ್ತಿಲ್ಲ

ಉಪವಾಸದ ಬಗ್ಗೆ ಮಾತಾಡಲು ಕರೆದು, ಬಂದ ಕೂಡಲೇ ಕೇಸರಿಬಾತು ಕೊಟ್ಟಿದ್ದೀರಿ. ಬೇಡವೆನ್ನಲಿಲ್ಲ.

ಮೆದುಳಿನ ತಳದಲ್ಲಿ ಹೈಪೋಥಾಲಮಸ್ ಎಂಬ ಭಾಗವಿದೆ, ತೂಕ ಸುಮಾರು 4 ಗ್ರಾಂ. ಅದಕ್ಕೆ ಏಕಾದಶಿ, ರೋಜಾ ಯಾವುದೂ ತಿಳಿಯದು. ಉಗ್ರಾಣದಲ್ಲಿ ಎಷ್ಟಿದೆ ಎಂದಷ್ಟೇ ಕೇಳುತ್ತದೆ. ಉತ್ತರ ತರುವುದು ಕೊಬ್ಬಿನ ಕೋಶಗಳು ಸ್ರವಿಸುವ ಲೆಪ್ಟಿನ್. ಜೆಫ್ರಿ ಫ್ರೀಡ್‌ಮನ್ ಅವರ ತಂಡ ಅದರ ಜೀನನ್ನು 1994ರಲ್ಲಿ ಪತ್ತೆಮಾಡಿತು. ಊಟ ಬಿಟ್ಟರೆ, ಮೈ ಇಳಿಯುವ ಮುನ್ನವೇ ಲೆಪ್ಟಿನ್ ಕುಸಿಯುತ್ತದೆ. ಒಂದೇ ಪ್ರಮಾಣದ ಕೊಬ್ಬಿದ್ದರೂ ಹೆಣ್ಣಿನ ರಕ್ತದಲ್ಲಿ ಅದು ಗಂಡಸಿನದಕ್ಕಿಂತ ಹೆಚ್ಚು.

ಈ ಸುದ್ದಿ ಮುಟ್ಟುವ ದಾರಿಯಲ್ಲಿ ಕಿಸ್‌ಪೆಪ್ಟಿನ್ ಸಿಗುತ್ತದೆ. ಅದರ ಜೀನು 1996ರಲ್ಲಿ ಸಿಕ್ಕಿದ್ದು ಅಮೆರಿಕದ ಹರ್ಷಿ ಎಂಬ ಊರಿನಲ್ಲಿ. ಅಲ್ಲಿನ ‘ಕಿಸ್’ ಚಾಕೊಲೇಟಿನ ಹೆಸರನ್ನೇ ಇಟ್ಟರು. ಹಸಿದಾಗ ಸುಮ್ಮನಾಗುವ ಹಾರ್ಮೋನಿಗೆ ಮಿಠಾಯಿಯ ಹೆಸರು! ಕಿಸ್‌ಪೆಪ್ಟಿನ್ ತಟ್ಟಿದರೆ ಹೈಪೋಥಾಲಮಸ್ ಗಂಟೆ ಗಂಟೆಗೆ ಮಿಡಿಯುತ್ತದೆ, ಪಿಟ್ಯುಟರಿ ಗ್ರಂಥಿ ಎಲ್‌ಎಚ್ ಎಂಬ ಹಾರ್ಮೋನನ್ನು ಬಿಡುತ್ತದೆ, ಅಂಡಾಶಯವೋ ವೃಷಣವೋ ಕೆಲಸಕ್ಕಿಳಿಯುತ್ತದೆ.

‘ಉಪವಾಸ ಗಂಡಸರಿಗೆ ಒಗ್ಗುತ್ತದೆ, ಹೆಂಗಸರಿಗಲ್ಲ’ ಎಂಬ ಮಾತು ಈಗ ಎಲ್ಲೆಡೆ ಕೇಳುತ್ತದೆ. ಅದು ಅರ್ಧ ನಿಜ. ಆರೋಗ್ಯವಂತ ಗಂಡಸರನ್ನು 72 ಗಂಟೆ ಉಪವಾಸವಿರಿಸಿದಾಗ ಅವರ ಎಲ್‌ಎಚ್ ಮಿಡಿತ ಕುಗ್ಗಿತು, ಟೆಸ್ಟೋಸ್ಟಿರೋನ್ ಇಳಿಯಿತು. ಉಪವಾಸದಲ್ಲೇ ಲೆಪ್ಟಿನ್ ಚುಚ್ಚಿದಾಗ ಆ ಇಳಿತ ಬಹುಪಾಲು ತಪ್ಪಿತು. ಅಂದರೆ ಗಂಡಸಿನ ಮೆದುಳೂ ಬಾಗಿಲು ಹಾಕುತ್ತದೆ. ಅವನಿಗೆ ತಿಂಗಳ ಲೆಕ್ಕವಿಲ್ಲದ್ದರಿಂದ ಯಾರ ಗಮನಕ್ಕೂ ಬರುವುದಿಲ್ಲ, ಅಷ್ಟೆ.

ಹೆಣ್ಣಿನ ಹೊಸ್ತಿಲನ್ನು ಒಹಾಯೊದಲ್ಲಿ ಆ್ಯನ್ ಲೌಕ್ಸ್ ಅಳೆದರು. ವರದಿ ಬಂದದ್ದು 2003ರಲ್ಲಿ. ತಿಂದದ್ದರಲ್ಲಿ ವ್ಯಾಯಾಮಕ್ಕೆ ಖರ್ಚಾದದ್ದು ಕಳೆದು, ಕೊಬ್ಬಿಲ್ಲದ ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 30 ಕಿಲೋಕ್ಯಾಲೊರಿಗಿಂತ ಕಡಿಮೆ ಉಳಿದರೆ ಐದೇ ದಿನಗಳಲ್ಲಿ ಎಲ್‌ಎಚ್ ಮಿಡಿತ ನಿಧಾನವಾಗುತ್ತದೆ. ಕೊಬ್ಬಿಲ್ಲದ ತೂಕ 35 ಕಿಲೋ ಎನ್ನಿ, ಲೆಕ್ಕ 1,050ಕ್ಕೆ ಬರುತ್ತದೆ.

ಇಲ್ಲಿ ನನ್ನ ತಕರಾರು ವ್ರತದ ಮೇಲಲ್ಲ. ಹದಿನೈದು ದಿನಕ್ಕೊಮ್ಮೆ ಏಕಾದಶಿ ಮಾಡಿ ರಾತ್ರಿ ಅವಲಕ್ಕಿ ತಿನ್ನುವವರ ಮುಟ್ಟು ಅದರಿಂದ ನಿಲ್ಲುವುದಿಲ್ಲ. ದಿನವೂ ಎಲ್ಲರಿಗೂ ಬಡಿಸಿ, ತಳದಲ್ಲುಳಿದದ್ದನ್ನು ಉಂಡೇಳುವವಳ ಅರೆಹೊಟ್ಟೆಗೆ ಮಾತ್ರ ಯಾವ ಪಂಚಾಂಗದಲ್ಲೂ ಹೆಸರಿಲ್ಲ. ಮೂರು ತಿಂಗಳು ಮುಟ್ಟಾಗಿಲ್ಲವೆಂದು ಅವಳು ವೈದ್ಯರ ಬಳಿ ಹೋದಾಗ, ಮಾತ್ರೆ ಬರೆಯುವ ಮುಂಚೆ ಕೇಳಬೇಕಾದದ್ದು: ‘ನಿನ್ನೆ ಏನು ತಿಂದೆಯಮ್ಮ?’