ಫೋನಿನೊಳಗಿನ ಪುಸ್ತಕ ಯಾರ ಮಗುವಿಗೆ?



ಮಕ್ಕಳು ಫೋನಿನಲ್ಲಿ ಪುಸ್ತಕ ಓದುತ್ತಾರೆಯೇ ಎಂದು ನೀವು ಕೇಳುತ್ತೀರಿ. ಮಾಸ್ತರಿಕೆ ಮಾಡಿ ಬಂದ ನಾವು ಹೇಳುವುದಿಷ್ಟೆ: ಒಳ್ಳೆಯ ಕಥೆ ಸಿಕ್ಕರೆ ಮಗು ಓದುತ್ತದೆ, ಕಾಗದವೋ ಗಾಜೋ ಎಂದು ನೋಡುವುದಿಲ್ಲ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ತೆರೆದ ಸ್ಟೋರಿವೀವರ್‌ನಲ್ಲಿ ಕನ್ನಡದ ಮಕ್ಕಳ ಕಥೆಗಳು ಬಿಡಿಗಾಸಿಲ್ಲದೆ ಸಿಗುತ್ತವೆ. ಆದರೆ ಬಡವರ ಮನೆಗೆ ಒಂದೇ ಫೋನು. ಅದು ಅಪ್ಪನ ಜೇಬಿನಲ್ಲಿ ಪಾಳಿಗೆ ಹೋಗುತ್ತದೆ. ಮರಳುವ ಹೊತ್ತಿಗೆ ಮಗು ನಿದ್ದೆಯಲ್ಲಿರುತ್ತದೆ. ಹತ್ತು ನಿಮಿಷ ಕೈಗೆ ಸಿಕ್ಕರೆ ಹುಡುಗ ಆಟವನ್ನೇ ಒತ್ತುತ್ತಾನೆ. ಕಥೆ ಎಲ್ಲಿದೆಯೆಂದು ತೋರಿಸುವವರಿಲ್ಲದಾಗ ಅದು ಅವನ ತಪ್ಪೇ?

ಹಾಗಾದರೆ ದಾರಿ? ಕರ್ನಾಟಕದ 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಂತೆ ಮನೆ, ಅಂಗಡಿಗಳ ತೆರಿಗೆಯ ಜೊತೆಗೆ ರೂಪಾಯಿಗೆ 6 ಪೈಸೆ ಗ್ರಂಥಾಲಯ ಕರ ಕಟ್ಟುತ್ತೇವೆ. ಬಾಡಿಗೆದಾರನೂ ಬಾಡಿಗೆಯೊಳಗೆ ಅದನ್ನು ತೆರುತ್ತಾನೆ. ವಸೂಲು ಮಾಡುವುದು ನಗರಸಭೆ, ಸಲ್ಲಬೇಕಾದದ್ದು ಗ್ರಂಥಾಲಯಕ್ಕೆ. ನಮ್ಮ ಕೇರಿಯ ವಾಚನಾಲಯಕ್ಕೆ ನಾಲ್ಕು ಟ್ಯಾಬು, ನೂರು ಹೊಸ ಪುಸ್ತಕ, ರಾತ್ರಿ 8ರವರೆಗೆ ತೆರೆದ ಬಾಗಿಲು, ಮಕ್ಕಳಿಗೆ ತೋರಿಸಿಕೊಡುವ ಒಬ್ಬ ಮನುಷ್ಯ: ಇಷ್ಟನ್ನು ಕೇಳೋಣ. ಇದು ಭಿಕ್ಷೆಯಲ್ಲ, ನಮ್ಮದೇ ಹಣ. ಲೆಕ್ಕ ಕೇಳುವ ಅರ್ಜಿ ಮೇಜಿನ ಮೇಲಿದೆ. ಸಹಿ ಹಾಕದೆ ಯಾರೂ ಏಳಬೇಡಿ.