ಡಯಲ್‌ಅಪ್ ಅಂತರ್ಜಾಲ ಕಲಿಸಿದ ವೇಗದ ಪಾಠ
(ಪಂಚಾಯಿತಿ ವಾಚನಾಲಯದಲ್ಲಿ ಮಾಡಿದ ಭಾಷಣ)



ದೂರವಾಣಿ ತಂತಿಯ ಮೂಲಕ ಕರೆ ಮಾಡಿ ಅಂತರ್ಜಾಲಕ್ಕೆ ಸೇರುತ್ತಿದ್ದ ಡಯಲ್‌ಅಪ್ ಪದ್ಧತಿಯ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ವಾಚನಾಲಯದ ತರುಣರು ನನ್ನನ್ನು ಕೇಳಿಕೊಂಡಿದ್ದಾರೆ. ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ ಆ ಹಳೆಯ ಪುರಾಣವೇಕೆ ಎಂದು ನೀವು ಕೇಳಬಹುದು. ಒಂದೇ ಬಾವಿಯ ನೀರಿನಲ್ಲಿ ಬೆಳೆ ತೆಗೆದ ರೈತನಿಗೆ ನೀರಿನ ಬೆಲೆ ಚೆನ್ನಾಗಿ ತಿಳಿದಿರುತ್ತದೆ. ಡಯಲ್‌ಅಪ್ ಬಳಸಿದವರ ಮಾತೂ ಅಷ್ಟೆ.

ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಆಗ ಸಾಮಾನ್ಯ ಚಂದಾದಾರರ ವೇಗ ಸೆಕೆಂಡಿಗೆ ಕೇವಲ 9.6 ಕಿಲೋಬಿಟ್. ಮುಂದೆ 28.8, 33.6 ಆಗಿ, 1998ರಲ್ಲಿ ವಿ.90 ಎಂಬ ಮಾನದಂಡ ಬಂದ ಮೇಲೆ 56 ಕಿಲೋಬಿಟ್‌ನವರೆಗೆ ಏರಿತು. ಅದೂ ನಮ್ಮ ಕಡೆಗೆ ಬರುವ ದಾರಿಯಲ್ಲಿ ಮಾತ್ರ. ಆ ಮಾನದಂಡದಲ್ಲಿ ನಾವು ಕಳುಹಿಸುವ ದಾರಿಯ ವೇಗ 33.6ಕ್ಕೇ ನಿಂತಿತು.

ಅದಕ್ಕಿಂತ ಹೆಚ್ಚು ಏಕೆ ಆಗಲಿಲ್ಲ? ದೂರವಾಣಿಯ ಏರ್ಪಾಡು ಆದದ್ದು ಮನುಷ್ಯನ ಮಾತಿಗಾಗಿ. ಸುಮಾರು 300ರಿಂದ 3400 ಹರ್ಟ್ಜ್‌ವರೆಗಿನ ಧ್ವನಿಯನ್ನಷ್ಟೇ ಅದು ಸಾಗಿಸುತ್ತದೆ. ಮೋಡೆಮ್ ಎಂಬ ಯಂತ್ರವು ಕಂಪ್ಯೂಟರಿನ ಅಂಕಿಗಳನ್ನು ಧ್ವನಿಯಾಗಿ ಮಾರ್ಪಡಿಸಿ ಆ ಕಿರುದಾರಿಯಲ್ಲಿ ನುಗ್ಗಿಸಬೇಕಾಗಿತ್ತು. ಕರೆ ಕೂಡುವಾಗ ಕೇಳುತ್ತಿದ್ದ ಕಿರುಚಾಟ, ಎರಡು ಮೋಡೆಮ್‌ಗಳು ಪರಸ್ಪರ ವೇಗ ಗೊತ್ತುಮಾಡಿಕೊಳ್ಳುವ ಮಾತುಕತೆಯೇ ಹೊರತು ಬೇರೇನೂ ಅಲ್ಲ.

ಇನ್ನೊಂದು ಲೆಕ್ಕವನ್ನು ಮರೆಯಬಾರದು. ವೇಗವನ್ನು ಅಳೆಯುವುದು ಬಿಟ್‌ಗಳಲ್ಲಿ, ಕಡತವನ್ನು ಅಳೆಯುವುದು ಬೈಟ್‌ಗಳಲ್ಲಿ. ಒಂದು ಬೈಟ್‌ಗೆ 8 ಬಿಟ್. ಆದ್ದರಿಂದ 56 ಕಿಲೋಬಿಟ್ ಎಂದರೆ ಸೆಕೆಂಡಿಗೆ 7 ಕಿಲೋಬೈಟ್ ಮಾತ್ರ. ಆಣೆಯನ್ನು ರೂಪಾಯಿ ಎಂದು ತಿಳಿದು ಸಂತೆಗೆ ಹೋದವನಂತೆ ಅನೇಕರು ಇಲ್ಲಿ ಮೋಸಹೋದರು.

ನನ್ನ ಮನೆಯಲ್ಲೇ ನಡೆದ ಸಂಗತಿ ಹೇಳುತ್ತೇನೆ. 2002ರಲ್ಲಿ ನನ್ನ ತಮ್ಮ ಒಂದು ಉದ್ಯೋಗಕ್ಕೆ ಅರ್ಜಿ ಕಳುಹಿಸಬೇಕಾಗಿತ್ತು. ಕೊನೆಯ ದಿನದ ಸಂಜೆ ಐದು ಗಂಟೆಯೇ ಗಡುವು. ಅಂಕಪಟ್ಟಿಯನ್ನು ಬಣ್ಣದಲ್ಲಿ ಸ್ಕ್ಯಾನ್ ಮಾಡಿಸಿ ತಂದಿದ್ದ. ಕಡತ 3 ಮೆಗಾಬೈಟ್. ಇ-ಮೇಲ್‌ಗೆ ಲಗತ್ತಿಸಿದರೆ ಅದು ಮೂರನೆಯ ಒಂದು ಪಾಲಿನಷ್ಟು ಹಿಗ್ಗುತ್ತದೆ. ನಮ್ಮ ತಂತಿಯ ವೇಗ 28.8. ಲೆಕ್ಕ ಹಾಕಿದರೆ ಸುಮಾರು ಇಪ್ಪತ್ತು ನಿಮಿಷ. ಹದಿನೈದು ನಿಮಿಷ ಕಳೆದಿತ್ತು. ಒಳಮನೆಯಲ್ಲಿ ನಮ್ಮ ತಾಯಿ ಸೋದರಮಾವನಿಗೆ ಕರೆ ಮಾಡಲೆಂದು ಇನ್ನೊಂದು ಫೋನ್ ಎತ್ತಿದರು. ಸಂಪರ್ಕ ಕಡಿದುಹೋಯಿತು. ಮತ್ತೆ ಮೊದಲಿನಿಂದ ಆರಂಭ! ಎರಡನೆಯ ಸಲ ತಂತಿಯ ಗದ್ದಲದಿಂದ ಕಡಿಯಿತು. ತಮ್ಮನ ಕಣ್ಣಲ್ಲಿ ನೀರು ಬಂತು. ಕಡೆಗೆ ನೆರೆಮನೆಯ ಹುಡುಗನೊಬ್ಬ ಬಂದು, ಅದೇ ಅಂಕಪಟ್ಟಿಯನ್ನು ಕಪ್ಪು-ಬಿಳುಪು ಮಾಡಿ 200 ಕಿಲೋಬೈಟ್‌ಗೆ ಇಳಿಸಿಕೊಟ್ಟ. ಒಂದೂವರೆ ನಿಮಿಷದೊಳಗೆ ಹೊರಟಿತು. ಗಡಿಯಾರದಲ್ಲಿ ಐದಕ್ಕೆ ಏಳು ನಿಮಿಷ ಬಾಕಿ ಇತ್ತು. ತಂತಿಯ ವೇಗ ಕೂದಲೆಳೆಯಷ್ಟೂ ಹೆಚ್ಚಿರಲಿಲ್ಲ. ಹೊರೆ ಇಳಿದಿತ್ತು, ಅಷ್ಟೆ.

ಆ ಮೇಲೆ ನಾವು ಕಲಿತ ಕ್ರಮಗಳು ಇವು.

ಮೊದಲನೆಯದು, ಕಾಲುವೆಯ ಸೋರಿಕೆ ತಡೆಯುವುದು. ಫೋನ್ ಎತ್ತಿ, ಒಂದು ಅಂಕಿ ಒತ್ತಿ, ಮೌನದಲ್ಲಿ ಕಿವಿಗೊಡಬೇಕು. ಗೊರಗೊರ ಸದ್ದು ಕೇಳಿದರೆ ಎಲ್ಲೋ ತುಕ್ಕು ಹಿಡಿದ ಕೂಡು ಇದೆ, ಅಥವಾ ಮಳೆನೀರು ಸೇರಿದೆ ಎಂದು ಅರ್ಥ. ಗದ್ದಲವಿದ್ದರೆ ಮೋಡೆಮ್ ತಾನಾಗಿಯೇ ವೇಗ ಇಳಿಸುತ್ತದೆ. ಕೆಟ್ಟ ಭಾಗವನ್ನು ಮತ್ತೆ ಮತ್ತೆ ಕಳುಹಿಸುತ್ತದೆ. ನಾವು ಉದ್ದದ ತಂತಿಯನ್ನು ತೆಗೆದು, ಮನೆಗೆ ಬರುವ ಮೊದಲ ಪೆಟ್ಟಿಗೆಗೇ ಗಿಡ್ಡ ತಂತಿಯಿಂದ ಮೋಡೆಮ್ ಸೇರಿಸಿದೆವು. ಜೊತೆಯ ಫೋನುಗಳನ್ನು ಕಳಚಿದೆವು. ಕರೆಯ ನಡುವೆ ಬೇರೆ ಕರೆ ಬಂತೆಂದು ಸೂಚಿಸುವ ಸದ್ದನ್ನು ನಿಲ್ಲಿಸಿದೆವು.

ಎರಡನೆಯದು, ಸಂಪರ್ಕವಾದ ಕೂಡಲೇ ದೊರೆತ ವೇಗವನ್ನು ನೋಡುವುದು. ತೀರ ಕಡಿಮೆಯಿದ್ದರೆ ಕಡಿದು ಮತ್ತೆ ಕರೆ ಮಾಡಿದರೆ, ಅನೇಕ ಸಲ ಉತ್ತಮ ದಾರಿ ಸಿಗುತ್ತಿತ್ತು.

ಮೂರನೆಯದು, ಹೊರೆ ಇಳಿಸುವುದು. ಪತ್ರವನ್ನು ಮೊದಲೇ ಬರೆದಿಟ್ಟು, ಆಮೇಲೆ ಸಂಪರ್ಕ ಮಾಡಿ ಕಳುಹಿಸುತ್ತಿದ್ದೆವು. ಕರೆಯ ಖರ್ಚೂ ಉಳಿಯಿತು. ಪುಟದ ಚಿತ್ರಗಳನ್ನು ಬೇಡವೆಂದು ಮುಚ್ಚಿಡುತ್ತಿದ್ದೆವು. ದೊಡ್ಡ ಕಡತವನ್ನು ನಸುಕಿನಲ್ಲಿ, ನಿಂತಲ್ಲಿಂದ ಮುಂದುವರಿಸಬಲ್ಲ ತಂತ್ರಾಂಶದಿಂದ ಇಳಿಸುತ್ತಿದ್ದೆವು.

ಒಂದು ಎಚ್ಚರಿಕೆಯ ಮಾತು. 'ಐದು ಪಟ್ಟು ವೇಗ' ಎಂದು ಜಾಹೀರಾತು ಕೊಟ್ಟು ಮಾರುತ್ತಿದ್ದ ಸೇವೆಗಳಿದ್ದವು. ಅವು ತಂತಿಯ ವೇಗವನ್ನು ಹೆಚ್ಚಿಸುತ್ತಿರಲಿಲ್ಲ. ನಡುವೆ ನಿಂತು ಚಿತ್ರಗಳ ಗುಣ ಇಳಿಸಿ, ಬರಹವನ್ನು ಅಡಕಗೊಳಿಸಿ ಕಳುಹಿಸುತ್ತಿದ್ದವು. ಅದರಿಂದ ಪ್ರಯೋಜನವುಂಟು, ಮಾಯೆಯೇನೂ ಇಲ್ಲ. ಮೊದಲೇ ಅಡಕವಾದ ಚಿತ್ರ, ಹಾಡುಗಳ ಕಡತಗಳನ್ನು ಇಳಿಸುವಾಗ ಅವುಗಳಿಂದ ಹೆಚ್ಚಿನ ಲಾಭವೂ ಇರಲಿಲ್ಲ.

2005ರಿಂದ ಬ್ರಾಡ್‌ಬ್ಯಾಂಡ್ ಹರಡಿದಾಗ ಒಂದು ಸೋಜಿಗ ನಡೆಯಿತು. ಅನೇಕ ಮನೆಗಳಿಗೆ ಅದು ಬಂದದ್ದು ಅದೇ ತಾಮ್ರದ ತಂತಿಯಲ್ಲಿ! ಮಾತಿನ ಧ್ವನಿಗಿಂತ ಮೇಲಿನ ಆವರ್ತನಗಳನ್ನು ಅದು ಬಳಸಿತು. ತಂತಿ ಕಿರಿದಾಗಿರಲಿಲ್ಲ, ನಾವು ಬಳಸುತ್ತಿದ್ದ ದಾರಿ ಕಿರಿದಾಗಿತ್ತು. ಅಮೆರಿಕದಲ್ಲಿ ಹೆಸರಾದ ಎಒಎಲ್ ಸಂಸ್ಥೆಯೂ ತನ್ನ ಡಯಲ್‌ಅಪ್ ಸೇವೆಯನ್ನು 2025ರ ಸೆಪ್ಟೆಂಬರ್ 30ರಂದು ನಿಲ್ಲಿಸಿತು.

ಬಂಧುಗಳೇ, ಸಾಧನ ಹೋಯಿತು, ಪಾಠ ಉಳಿಯಿತು. ಗುಡ್ಡದ ಮರೆಯ ಕೇರಿಯಲ್ಲಿ ಮೊಬೈಲಿನ ಸಂಕೇತ ಕ್ಷೀಣವಾಗಿರುವಾಗ, ಮಗಳ ವಿದ್ಯಾರ್ಥಿವೇತನದ ಅರ್ಜಿ ಅರ್ಧಕ್ಕೆ ನಿಂತಾಗ, ದೈವವನ್ನು ದೂರಬೇಡಿ. ಇತರ ಕೆಲಸಗಳನ್ನು ನಿಲ್ಲಿಸಿ. ಹೊರಗೆ ಬಯಲಿಗೆ ಬನ್ನಿ. ದಾಖಲೆಯ ಚಿತ್ರವನ್ನು ಅಕ್ಷರ ಸ್ಪಷ್ಟವಾಗಿ ಕಾಣುವಷ್ಟಕ್ಕೆ ಚಿಕ್ಕದು ಮಾಡಿ. ಎಲ್ಲಕ್ಕಿಂತ ಮುಖ್ಯವಾಗಿ, ಕೊನೆಯ ದಿನದ ಸಂಜೆಯವರೆಗೆ ಕಾಯಬೇಡಿ. ಇದನ್ನು ಬಲ್ಲ ತರುಣರು ವಾರಕ್ಕೊಂದು ಸಂಜೆ ಇಲ್ಲಿ ಕುಳಿತು, ಅರ್ಜಿ ಹಿಡಿದು ಬಂದವರಿಗೆ ನೆರವಾಗಲಿ. ಅಂದು ನನ್ನ ತಮ್ಮನಿಗೆ ನೆರೆಮನೆಯ ಹುಡುಗ ಆದಂತೆ, ಇಂದು ನೀವು ಇನ್ನೊಬ್ಬರಿಗೆ ಆಗಬೇಕು.