ಎದುರಾಳಿಯ ಮಾತಿಗೂ ವಕಾಲತ್ತು
(ಮೂರ್ನಾಡಿನ ವಿಚಾರಗೋಷ್ಠಿಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ವಾಕ್ ಸ್ವಾತಂತ್ರ್ಯಕ್ಕಾಗಿ ನ್ಯಾಯಾಲಯದಲ್ಲಿ ಹೋರಾಡಿದ ಒಬ್ಬ ವಕೀಲರ ಕುರಿತು ಮಾತನಾಡಬೇಕೆಂದು ಸಂಘಟಕರು ಕೇಳಿದ್ದಾರೆ. ನಾನು ಆರಿಸಿಕೊಂಡ ಹೆಸರು ಕೆಲವರಿಗೆ ಇರುಸುಮುರುಸು ಉಂಟುಮಾಡಬಹುದು. ಅದು ಮುಹಮ್ಮದ್ ಅಲಿ ಜಿನ್ನಾ ಎಂಬ ಹೆಸರು. ವಿಭಜನೆಯ ರಾಜಕಾರಣವನ್ನು ಸಮರ್ಥಿಸಲು ನಾನು ಇಲ್ಲಿ ನಿಂತಿಲ್ಲ. ಅದರ ಬೆಲೆಯನ್ನು ಗಡಿಯ ಎರಡೂ ಕಡೆಯ ಅಮಾಯಕರು ತೆತ್ತಿದ್ದಾರೆ. ಆದರೆ ಅದಕ್ಕೂ ಮೂರು ದಶಕಗಳ ಹಿಂದೆ ಬೊಂಬಾಯಿಯ ಬ್ಯಾರಿಸ್ಟರ್ ಆಗಿ ಅವರು ನಡೆಸಿದ ಒಂದು ಮೊಕದ್ದಮೆಯಲ್ಲಿ ನಮಗೆ ಇಂದಿಗೂ ಪಾಠವಿದೆ.

ಆ ಮೊಕದ್ದಮೆಯ ಬೇರು ಇರುವುದು ಬೆಳಗಾವಿಯಲ್ಲಿ. ನಮ್ಮ ಕೊಡಗೂ ಆ ಬೆಳಗಾವಿಯೂ 1956ರ ನವೆಂಬರ್ 1ರಂದು ಒಂದೇ ರಾಜ್ಯದೊಳಗೆ ಬಂದವು. ಅದಕ್ಕೆ ಮುಂಚೆ ಬೆಳಗಾವಿ ಬೊಂಬಾಯಿ ಪ್ರಾಂತಕ್ಕೆ ಸೇರಿತ್ತು. ಬಾಲಗಂಗಾಧರ ತಿಲಕರು 1916ರ ಏಪ್ರಿಲ್ ಕೊನೆಯಲ್ಲಿ ತಮ್ಮ ಹೋಮ್ ರೂಲ್ ಲೀಗನ್ನು ಸ್ಥಾಪಿಸಿದ್ದು ಅಲ್ಲಿಯೇ. ಮೇ 1ರಂದು ಅವರು ಬೆಳಗಾವಿಯಲ್ಲಿ ಮಾಡಿದ ಭಾಷಣ ಮತ್ತು ಬಳಿಕ ಅಹಮದ್‌ನಗರದಲ್ಲಿ ಮಾಡಿದ ಎರಡು ಭಾಷಣಗಳು ರಾಜದ್ರೋಹಕರವೆಂದು ಸರಕಾರ ಆರೋಪಿಸಿತು. ಅವರಿಗೆ ಅರುವತ್ತು ತುಂಬಿದ ಜುಲೈ 23ರಂದೇ ನೋಟೀಸು ಬಂತು. ಒಂದು ವರ್ಷ ಸನ್ನಡತೆಯಿಂದಿರಲು 20,000 ರೂಪಾಯಿಯ ಮುಚ್ಚಳಿಕೆ ಮತ್ತು ತಲಾ 10,000 ರೂಪಾಯಿಯ ಇಬ್ಬರು ಜಾಮೀನುದಾರರನ್ನು ಒದಗಿಸಬೇಕೆಂದು ಪುಣೆಯ ಜಿಲ್ಲಾ ಮ್ಯಾಜಿಸ್ಟ್ರೇಟರು ಆದೇಶಿಸಿದರು. ಬಾಯಿಗೆ ಬೀಗ ಹಾಕಲು ಸೆರೆಮನೆಯೇ ಬೇಕಿರಲಿಲ್ಲ, ಮುಚ್ಚಳಿಕೆಯೇ ಸಾಕಿತ್ತು.

ತಿಲಕರ ಪರವಾಗಿ ನಿಂತವರು ಜಿನ್ನಾ. ಇವರಿಬ್ಬರ ರಾಜಕೀಯ ದಾರಿಗಳು ಬೇರೆಯಾಗಿದ್ದವು. 1907ರಲ್ಲಿ ಸೂರತ್‌ನಲ್ಲಿ ಕಾಂಗ್ರೆಸ್ ಒಡೆದಾಗ ತಿಲಕರು ತೀವ್ರವಾದಿಗಳ ನಾಯಕರಾಗಿದ್ದರು. ಜಿನ್ನಾ ಗೋಖಲೆಯವರ ಮಂದಗಾಮಿ ಬಣಕ್ಕೆ ಸೇರಿದವರು. ಆದರೂ 1908ರಲ್ಲಿ 'ಕೇಸರಿ'ಯ ಲೇಖನಗಳಿಗಾಗಿ ತಿಲಕರು ಬಂಧಿತರಾದಾಗ ಜಾಮೀನು ಕೋರಿದವರು ಜಿನ್ನಾ. ನ್ಯಾಯಮೂರ್ತಿ ದಾವರ್ ಅದನ್ನು ನಿರಾಕರಿಸಿದರು. ಇದೇ ದಾವರ್ 1897ರಲ್ಲಿ ವಕೀಲರಾಗಿ ತಿಲಕರಿಗೆ ಜಾಮೀನು ಕೊಡಿಸಿದ್ದರೆಂಬುದು ವಿಧಿಯ ವ್ಯಂಗ್ಯ. ಒಂಬತ್ತು ಮಂದಿ ಜೂರಿಗಳಲ್ಲಿ ಏಳು ಮಂದಿ ಅಪರಾಧಿಯೆಂದರು, ಇಬ್ಬರು ಅಲ್ಲವೆಂದರು. ತಿಲಕರು ಆರು ವರ್ಷಗಳ ಶಿಕ್ಷೆಗೆ ಗುರಿಯಾಗಿ ಮಂಡಾಲೆ ಸೇರಿದರು. ಮುಂದೆ ದಾವರ್‌ಗೆ 'ಸರ್' ಪದವಿ ದೊರೆತಾಗ ವಕೀಲರು ಔತಣ ಏರ್ಪಡಿಸಹೊರಟರು. ಜಿನ್ನಾ ಆ ಸುತ್ತೋಲೆಯ ಮೇಲೆಯೇ ತಮ್ಮ ಕಟು ಅಸಮ್ಮತಿಯನ್ನು ಬರೆದರೆಂದು ಅವರ ಕಿರಿಯ ಸಹೋದ್ಯೋಗಿಯಾಗಿದ್ದ ಎಂ.ಸಿ. ಛಾಗ್ಲಾ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ.

1916ರಲ್ಲಿ ಜಿನ್ನಾರ ವಾದ ಸರಳವಾಗಿತ್ತು. ಭಾಷಣದಿಂದ ಒಂದೆರಡು ಸಾಲುಗಳನ್ನು ಕಿತ್ತು ತೂಗಬೇಡಿ, ಇಡಿಯಾಗಿ ಓದಿ. ತಿಲಕರು ಟೀಕಿಸಿದ್ದು ಅಧಿಕಾರಿಶಾಹಿಯನ್ನು, ಕೇಳಿದ್ದು ಕಾನೂನುಬದ್ಧ ಮಾರ್ಗದ ಸ್ವರಾಜ್ಯವನ್ನು. ಅಧಿಕಾರಿವರ್ಗದ ಟೀಕೆ ಸರಕಾರದ ಟೀಕೆಯಲ್ಲವೆಂಬುದನ್ನು ನ್ಯಾಯಮೂರ್ತಿ ಬ್ಯಾಚಲರ್ ಪೂರ್ಣವಾಗಿ ಒಪ್ಪಲಿಲ್ಲ. ಅದು ಆಯಾ ಪ್ರಕರಣದ ವಾಸ್ತವಾಂಶವನ್ನು ಅವಲಂಬಿಸಿದೆಯೆಂದರು. ಆದರೆ ಭಾಷಣಗಳ ಒಟ್ಟು ಪರಿಣಾಮವನ್ನು ನೋಡಿದಾಗ ಅವು ಅಪರಾಧವಾಗಲಿಲ್ಲ. ಬ್ಯಾಚಲರ್ ಮತ್ತು ಶಾ ಅವರ ಪೀಠ ನವೆಂಬರ್ 9ರಂದು ಮ್ಯಾಜಿಸ್ಟ್ರೇಟರ ಆದೇಶವನ್ನು ರದ್ದುಗೊಳಿಸಿತು. ಮರು ತಿಂಗಳು ಲಕ್ನೋದಲ್ಲಿ ಕಾಂಗ್ರೆಸ್–ಲೀಗ್ ಒಪ್ಪಂದವಾಯಿತು. ಅದರ ಹಿಂದೆಯೂ ಈ ಇಬ್ಬರಿದ್ದರು.

ಸಹೋದರರೇ, ಇದು ಹಳೆಯ ಕತೆಯಲ್ಲ. ರಾಜದ್ರೋಹದ 124ಎ ಸೆಕ್ಷನ್ ಸ್ವತಂತ್ರ ಭಾರತದಲ್ಲೂ ಉಳಿಯಿತು, ಜಿನ್ನಾ ಕಟ್ಟಿದ ಪಾಕಿಸ್ತಾನದಲ್ಲೂ ಉಳಿಯಿತು. ಅಲ್ಲಿ ಲಾಹೋರ್ ಹೈಕೋರ್ಟ್ ಅದನ್ನು 2023ರಲ್ಲಿ ಅಸಿಂಧುಗೊಳಿಸಿತು. ಇಲ್ಲಿ, ನಮ್ಮ ನೆರೆಯ ಮೈಸೂರಿನ ನಿವೃತ್ತ ಮೇಜರ್ ಜನರಲ್ ಎಸ್.ಜಿ. ಒಂಬತ್ಕೆರೆ ಮೊದಲಾದವರ ಅರ್ಜಿಗಳ ಮೇಲೆ ಸುಪ್ರೀಮ್ ಕೋರ್ಟ್ 2022ರ ಮೇ 11ರಂದು ಅದನ್ನು ತಡೆಹಿಡಿಯಿತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿದೆ. ಅದರಲ್ಲಿ ರಾಜದ್ರೋಹವೆಂಬ ಹೆಸರಿಲ್ಲ. ಆದರೆ ದೇಶದ ಏಕತೆ, ಸಮಗ್ರತೆಗಳ ಹೆಸರಿನಲ್ಲಿ 152ನೇ ಸೆಕ್ಷನ್ ಇದೆ. ಆದ್ದರಿಂದ ಮಾತನ್ನು ಇಡಿಯಾಗಿ ಓದಿರೆಂದು ಹಟ ಹಿಡಿಯುವ ವಕೀಲರು ಇಂದೂ ಬೇಕು.

ಇನ್ನೊಂದು ಮಾತನ್ನು ನಮಗೆ ನಾವೇ ಹೇಳಿಕೊಳ್ಳಬೇಕು. ಧಾರ್ಮಿಕ ಭಾವನೆಗಳಿಗೆ ಧಕ್ಕೆ ತರುವುದನ್ನು ಅಪರಾಧವಾಗಿಸುವ 295ಎ ಸೆಕ್ಷನ್ 1927ರಲ್ಲಿ ಕೇಂದ್ರ ಶಾಸನಸಭೆಗೆ ಬಂದಾಗ ಜಿನ್ನಾ ಅದನ್ನು ಬೆಂಬಲಿಸಿದರು. ಆದರೆ ಇತಿಹಾಸದ ಸಂಶೋಧನೆಗೂ ಧರ್ಮದ ಪ್ರಾಮಾಣಿಕ ವಿಮರ್ಶೆಗೂ ರಕ್ಷಣೆ ಇರಲೇಬೇಕೆಂದು ಎಚ್ಚರಿಸಿದರು. ನಮ್ಮ ಯುವಕರ ಬರಹಕ್ಕೆ ಮೊಕದ್ದಮೆ ಬಿದ್ದಾಗ ನಾವು ಸಂವಿಧಾನವನ್ನು ನೆನೆಯುತ್ತೇವೆ. ನಮಗೆ ಹಿಡಿಸದ ಪುಸ್ತಕ ಬಂದಾಗ ಮುಟ್ಟುಗೋಲು ಹಾಕಿರೆಂದು ಮನವಿ ಹಿಡಿದು ಹೊರಡುತ್ತೇವೆ. ಕೊಳ್ಳುವುದಕ್ಕೊಂದು, ಕೊಡುವುದಕ್ಕೊಂದು ತಕ್ಕಡಿ ಇಟ್ಟುಕೊಂಡ ವ್ಯಾಪಾರಿಯನ್ನು ಯಾರೂ ನಂಬುವುದಿಲ್ಲ. ದ್ವೇಷವನ್ನು ಬಿತ್ತಿ ರಕ್ತ ಹರಿಸುವ ಪ್ರಚೋದನೆ ಬೇರೆ, ನಮಗೆ ಕಹಿಯಾದ ವಿಮರ್ಶೆ ಬೇರೆ. ಮೊದಲಿನದಕ್ಕೆ ಕಾನೂನಿನಿಂದ, ಎರಡನೆಯದಕ್ಕೆ ಲೇಖನಿಯಿಂದ ಉತ್ತರ ಕೊಡೋಣ.

ಈ ಸಭೆಯಲ್ಲಿ ಕಾನೂನು ಓದುತ್ತಿರುವ ಮಕ್ಕಳಿದ್ದಾರೆ. ಅವರಲ್ಲಿ ನನ್ನ ವಿನಂತಿ ಇಷ್ಟೇ: ನಾಳೆ ಕರಿಕೋಟು ತೊಟ್ಟಾಗ ನಿಮ್ಮ ವಿರೋಧಿಯ ಮಾತಿಗಾಗಿ ಒಂದು ವಕಾಲತ್ತನ್ನಾದರೂ ಸಲ್ಲಿಸಿ. ಮಾತಿನ ಸ್ವಾತಂತ್ರ್ಯದಲ್ಲಿ ನಿಮಗಿರುವ ನಂಬಿಕೆಗೆ ಅದೇ ಪರೀಕ್ಷೆ.